ಇಂಪ್ಲಾಂಟ್ ತೆಗೆದ ಮೇಲೆ ಉಳಿಯುವ ಗೆರೆ, ತಗ್ಗು: ಎರಡನೇ ಸರ್ಜರಿಯ ಲೆಕ್ಕವೇ ಬೇರೆ

ಎದೆಯೊಳಗೆ ಇರಿಸಿಕೊಂಡಿದ್ದ ಸಿಲಿಕೋನ್ ಇಂಪ್ಲಾಂಟ್ ತೆಗೆಸಿಹಾಕಿದೆ, ಈಗ ಹಗುರಾಯಿತು ಎಂದು ನಟಿಯರು, ಮಾಡೆಲ್‌ಗಳು ಹೇಳಿಕೊಳ್ಳುವ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಇನ್ನೊಂದು ದಿನ ಇಂಪ್ಲಾಂಟ್ ಸುತ್ತ ಕ್ಯಾನ್ಸರ್ ಕಾಣಿಸಿಕೊಂಡಿತೆಂಬ ಸುದ್ದಿ. ಮೊಬೈಲ್ ತೆರೆದರೆ ಕಲೆಯೇ ಉಳಿಯದ ಸರ್ಜರಿಯ ಜಾಹೀರಾತು. ಮೂರನ್ನೂ ಓದಿದವರಿಗೆ ಏಳುವ ಪ್ರಶ್ನೆಗಳಿಗೆ ಮಾತ್ರ ಎಲ್ಲೂ ಉತ್ತರವಿಲ್ಲ. ತೆಗೆಸಿದರೆ ಎದೆ ಮೊದಲಿನಂತಾಗುತ್ತದೆಯೇ? ಹೊಲಿಗೆಯ ಗೆರೆ ದಪ್ಪಗೆ ಎದ್ದು ನಿಂತರೆ, ಒಂದು ಕಡೆ ತಗ್ಗು ಬಿದ್ದರೆ ಅದನ್ನು ಸರಿಪಡಿಸಬಹುದೇ? ಅದಕ್ಕೆ ವಿಮೆ ಸಿಗುತ್ತದೆಯೇ?

ಈ ಗೊಂದಲಕ್ಕೆ ಮುಖ್ಯ ಕಾರಣ, ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದು. ಕಾಯಿಲೆ ಇದೆಯೇ ಎಂಬುದು ಒಂದು ಪ್ರಶ್ನೆ. ಚರ್ಮದ ಮೇಲಿನ ಕಲೆ ಎರಡನೆಯದು. ಒಳಗಿನ ಆಕಾರ ಮೂರನೆಯದು. ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ, ಕಾಯಬೇಕಾದ ಕಾಲವೂ ಬೇರೆ. ಮೊದಲನೆಯದರ ಭಯಕ್ಕೆ ಅವಸರದಲ್ಲಿ ಮಾಡಿಸಿದ ಸರ್ಜರಿ ಉಳಿದೆರಡನ್ನೂ ಕೆಡಿಸುವುದುಂಟು.

ಎಚ್ಚರಿಕೆ ಹೇಳಿದ್ದು ಒಂದು, ಕೇಳಿಸಿದ್ದು ಇನ್ನೊಂದು

ಸಿಲಿಕೋನ್ ಇಂಪ್ಲಾಂಟ್ ಬಂದು ಅರವತ್ತು ವರ್ಷ ದಾಟಿದೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ಸರ್ಜನ್‌ಗಳು ಮೊದಲ ಬಾರಿಗೆ ಅದನ್ನು ಅಳವಡಿಸಿದರು. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬರೀ ಸೌಂದರ್ಯಕ್ಕಾಗಿ ಸಿಲಿಕೋನ್ ಜೆಲ್ ಇಂಪ್ಲಾಂಟ್ ಬಳಸುವುದನ್ನು ತಡೆಯಿತು. 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು.

2011ರಲ್ಲಿ ಅದೇ ಸಂಸ್ಥೆ ಎರಡು ಮಹತ್ವದ ಮಾತು ಹೇಳಿತು. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಲಿಂಫೋಮಾ ಎಂಬ ಬಹಳ ಅಪರೂಪದ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಂಭವವಿದೆ ಎಂಬುದು ಒಂದು. ಇಂಪ್ಲಾಂಟ್ ಜೀವಮಾನವಿಡೀ ಬಾಳುವ ಸಾಧನವಲ್ಲ, ಗಾತ್ರ ಹೆಚ್ಚಿಸಲು ಹಾಕಿಸಿಕೊಂಡ ಐವರಲ್ಲಿ ಒಬ್ಬರವರೆಗೆ ಹತ್ತು ವರ್ಷದೊಳಗೆ ಅದನ್ನು ತೆಗೆಸಬೇಕಾಗಬಹುದು ಎಂಬುದು ಇನ್ನೊಂದು. ಲಿಂಫೋಮಾ ದೊಡ್ಡ ಸುದ್ದಿಯಾಯಿತು, ಎರಡನೇ ಮಾತು ಅಲ್ಲೇ ಉಳಿಯಿತು. ಹೆಚ್ಚು ಜನರನ್ನು ಮುಟ್ಟುವುದು ಆ ಎರಡನೆಯದೇ.

2019ರ ಜುಲೈನಲ್ಲಿ ಎಫ್‌ಡಿಎ ಕೋರಿಕೆಯ ಮೇರೆಗೆ ಅಲರ್ಗನ್ ಕಂಪನಿ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟ್‌ಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಿತು. 2021ರ ಅಕ್ಟೋಬರ್‌ನಲ್ಲಿ ಇಂಪ್ಲಾಂಟ್ ಜೊತೆಗಿನ ಮಾಹಿತಿಯಲ್ಲಿ ಚೌಕಟ್ಟು ಹಾಕಿದ, ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಕಡ್ಡಾಯವಾಯಿತು. ಒಪ್ಪುವ ಮುನ್ನ ರೋಗಿಯ ಜೊತೆ ಅಂಶ ಅಂಶವಾಗಿ ಓದಿ ಚರ್ಚಿಸಬೇಕಾದ ಪಟ್ಟಿಯೂ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಪೊರೆಯಲ್ಲಿ ಇನ್ನೂ ಕೆಲವು ಬಗೆಯ ಕ್ಯಾನ್ಸರ್ ಕಂಡ ವರದಿಗಳ ಬಗ್ಗೆ ಸೂಚನೆ ಹೊರಟಿತು. 2019ರಲ್ಲೂ 2022ರಲ್ಲೂ ಎಚ್ಚರಿಕೆಯ ಜೊತೆ ಒಂದು ವಾಕ್ಯ ಇತ್ತು: ಯಾವ ತೊಂದರೆಯೂ ಇಲ್ಲದವರು ಇಂಪ್ಲಾಂಟ್ ತೆಗೆಸುವ ಅಗತ್ಯವಿಲ್ಲ. ಹೆಡ್‌ಲೈನ್‌ನಲ್ಲಿ ಈ ವಾಕ್ಯಕ್ಕೆ ಜಾಗ ಸಿಗಲಿಲ್ಲ.

ತಡಮಾಡಬಾರದ ಲಕ್ಷಣಗಳು ಇವೆ. ಹಾಕಿಸಿ ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ, ಗಂಟು ಸಿಕ್ಕರೆ, ಹೊಸದಾಗಿ ನೋವು ಶುರುವಾದರೆ ಅಲ್ಟ್ರಾಸೌಂಡ್ ಮಾಡಿಸಿ, ಒಳಗೆ ನೀರು ತುಂಬಿದ್ದರೆ ತೆಗೆದು ಪರೀಕ್ಷೆಗೆ ಕಳಿಸಬೇಕು. ಸುಸ್ತು, ಕೀಲುನೋವು, ಮರೆವು ಎಲ್ಲವೂ ಇಂಪ್ಲಾಂಟಿನಿಂದಲೇ ಎಂದು ಹೇಳುವ ಮಹಿಳೆಯರೂ ಬಹಳ ಮಂದಿ. ಅದನ್ನು ಖಚಿತಪಡಿಸುವ ಪರೀಕ್ಷೆ ಇಲ್ಲ. ಆದರೂ ತೆಗೆಸಿದ ಮೇಲೆ ಹಲವರಿಗೆ ಆರಾಮ ಎನಿಸಿದೆ. ಹೀಗಾಗಿ ಅವರ ಮಾತನ್ನು ತಳ್ಳಿಹಾಕುವುದು ಸರಿಯಲ್ಲ. ತೆಗೆಸಬೇಕು ಎನ್ನುವ ಹಕ್ಕು ಅವರದು. ಹೇಗೆ ತೆಗೆಯಬೇಕು ಎಂಬಲ್ಲಿ ನಿಜವಾದ ತಕರಾರು ಶುರುವಾಗುತ್ತದೆ.

ಪೊರೆಯನ್ನೂ ಕಿತ್ತು ತೆಗೆಯಬೇಕೇ?

ಹೊರಗಿನ ವಸ್ತು ಯಾವುದೇ ಒಳಗೆ ಕೂತರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಬಹುಪಾಲು ಜನರಲ್ಲಿ ಅದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಕೆಲವರಲ್ಲಿ ದಪ್ಪವಾಗಿ, ಬಿಗಿದು, ಇಂಪ್ಲಾಂಟನ್ನು ಹಿಂಡತೊಡಗುತ್ತದೆ. ಇದನ್ನು ಸರ್ಜನ್‌ಗಳು ಬೇಕರ್ ಅಳತೆಯಲ್ಲಿ ನಾಲ್ಕು ಹಂತವಾಗಿ ನೋಡುತ್ತಾರೆ. ಒಂದನೇ ಹಂತದಲ್ಲಿ ಎದೆ ಮೆತ್ತಗೇ ಇರುತ್ತದೆ. ಮೂರರಲ್ಲಿ ಗಟ್ಟಿಯಾಗಿ ಆಕಾರ ಕೆಟ್ಟದ್ದು ಹೊರಗೆ ಕಾಣುತ್ತದೆ. ನಾಲ್ಕರಲ್ಲಿ ಅದಕ್ಕೆ ನೋವೂ ಸೇರುತ್ತದೆ.

ಕ್ಯಾನ್ಸರ್ ಸುದ್ದಿಯ ನಂತರ ಇಂಪ್ಲಾಂಟನ್ನು ಪೊರೆಯ ಸಮೇತ ಒಂದೇ ತುಂಡಾಗಿ ತೆಗೆಯಿರಿ ಎಂಬ ಬೇಡಿಕೆ ಹೆಚ್ಚಿತು. ಲಿಂಫೋಮಾ ಇರುವುದು ಖಚಿತವಾದವರಿಗೆ ಅದೇ ಸರಿಯಾದ ಚಿಕಿತ್ಸೆ. ಪೊರೆ ದಪ್ಪಗಾಗಿದ್ದರೆ, ಸುಣ್ಣ ಕಟ್ಟಿದ್ದರೆ, ಇಂಪ್ಲಾಂಟ್ ಸೋರಿದ್ದರೆ ತೆಗೆಯಲು ಕಾರಣವಿದೆ. ಕಾಯಿಲೆ ಇಲ್ಲದ, ತೆಳುವಾದ ಪೊರೆಯನ್ನೂ ಪೂರ್ತಿ ಕೀಳಬೇಕೇ ಎಂಬಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ಪೂರ್ತಿ ತೆಗೆದರೇ ರೋಗಿಗೆ ನೆಮ್ಮದಿ, ಮುಂದಿನ ಅನುಮಾನಕ್ಕೆ ಆಸ್ಪದವಿಲ್ಲ ಎಂಬುದು ಒಂದು ಪಕ್ಷ. ಪ್ರಯೋಜನ ಸಾಬೀತಾಗದ ಕಡೆ ಹೆಚ್ಚಿನ ಗಾಯ ಏಕೆ ಎಂಬುದು ಇನ್ನೊಂದು.

ಎರಡನೇ ಪಕ್ಷದ ಮಾತಿಗೆ ತೂಕವಿದೆ. ಒಂದೇ ತುಂಡಾಗಿ ಹೊರತೆಗೆಯಲು ಕೊಯ್ತ ಉದ್ದವಾಗಲೇಬೇಕು, ಅಂದರೆ ಕಲೆಯೂ ಉದ್ದ. ಪೊರೆಯ ಹಿಂಬದಿ ಪಕ್ಕೆಲುಬಿಗೆ, ಅವುಗಳ ನಡುವಿನ ಸ್ನಾಯುವಿಗೆ ಅಂಟಿರುತ್ತದೆ. ಅಲ್ಲಿಂದ ಬಿಡಿಸುವಾಗ ಶ್ವಾಸಕೋಶದ ಹೊರಪೊರೆಗೆ ತೂತು ಬೀಳುವ ಅಪಾಯ ಚಿಕ್ಕದಾದರೂ ಇದೆ. ಮುಂಬದಿಯಲ್ಲಿ ಚರ್ಮದ ಅಡಿಯ ಅಲ್ಪಸ್ವಲ್ಪ ಕೊಬ್ಬು ಪೊರೆಯ ಜೊತೆಗೇ ಹೊರಟುಹೋಗುತ್ತದೆ, ರಕ್ತನಾಳಗಳು ಕಡಿಯುತ್ತವೆ. ಗಾಯ ಮಾಯುವಾಗ ಚರ್ಮ ನೇರವಾಗಿ ಸ್ನಾಯುವಿಗೆ ಅಂಟಿಕೊಂಡರೆ ಅಲ್ಲೊಂದು ತಗ್ಗು. ಭಯದಿಂದ ಕೇಳಿ ಮಾಡಿಸಿಕೊಂಡದ್ದಕ್ಕೆ ಆಮೇಲೆ ಇನ್ನೊಂದು ಸರ್ಜರಿ ಬೇಕಾಗುವುದು ಹೀಗೆ.

ಕಲೆ ಹಣ್ಣಾಗಲು ಒಂದು ವರ್ಷ

ಕತ್ತಿ ಚರ್ಮದ ಆಳಕ್ಕೆ ಇಳಿದಲ್ಲೆಲ್ಲ ಕಲೆ ಉಳಿಯುತ್ತದೆ. ಇದರಲ್ಲಿ ವಿನಾಯಿತಿ ಇಲ್ಲ. ಅದು ಎಲ್ಲಿ ಕೂರುತ್ತದೆ, ಎಷ್ಟು ತೆಳುವಾಗುತ್ತದೆ ಎಂಬುದಷ್ಟೇ ಸರ್ಜನ್ ಕೈಯಲ್ಲಿರುವುದು. ಇಂಪ್ಲಾಂಟಿಗೆ ಎದೆಯ ಕೆಳಮಡಿಕೆಯಲ್ಲೋ, ತೊಟ್ಟಿನ ಸುತ್ತಲ ಕಪ್ಪು ವೃತ್ತದ ಅಂಚಿನಲ್ಲೋ, ಕಂಕುಳಲ್ಲೋ ಕೊಯ್ಯುತ್ತಾರೆ. ಗಾತ್ರ ತಗ್ಗಿಸುವ, ಜೋತದ್ದನ್ನು ಎತ್ತುವ ಸರ್ಜರಿಗಳಲ್ಲಿ ವೃತ್ತದ ಸುತ್ತ ಒಂದು ಗೆರೆ, ಅಲ್ಲಿಂದ ನೇರ ಕೆಳಗೆ ಇನ್ನೊಂದು, ಬಹಳ ಸಲ ಮಡಿಕೆಯ ಉದ್ದಕ್ಕೂ ಮತ್ತೊಂದು. ನೇರ ಗೆರೆ ಮಡಿಕೆಯ ಗೆರೆಯನ್ನು ಕೂಡುವ ಮೂಲೆಯಲ್ಲಿ ಎಳೆತ ಹೆಚ್ಚು, ರಕ್ತ ಕಡಿಮೆ. ಹೊಲಿಗೆ ಬಿಟ್ಟುಕೊಳ್ಳುವುದು, ನಿಧಾನಕ್ಕೆ ಮಾಯ್ದು ಕಲೆ ಅಗಲವಾಗುವುದು ಹೆಚ್ಚಾಗಿ ಅಲ್ಲೇ.

ಗಾಯ ಮೇಲೆ ಕೂಡಿಕೊಂಡಿತೆಂದರೆ ಕೆಲಸ ಮುಗಿಯಿತು ಎಂದಲ್ಲ. ಮೂರು ವಾರಕ್ಕೆ ಅದರ ಗಟ್ಟಿತನ ಮೂಲ ಚರ್ಮದ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಎಷ್ಟೇ ಕಾಲ ಕಳೆದರೂ ನೂರಕ್ಕೆ ಎಂಬತ್ತರ ಆಚೆ ಹೋಗುವುದಿಲ್ಲ. ಮೊದಲು ಅವಸರದಲ್ಲಿ ಹೆಣೆದ ಎಳೆಗಳನ್ನು ದೇಹ ಬಿಚ್ಚಿ, ಬೇರೆ ಗಟ್ಟಿ ಎಳೆಗಳಿಂದ ಮತ್ತೆ ಹೆಣೆಯುತ್ತಾ ಹೋಗುತ್ತದೆ. ಈ ಕೆಲಸಕ್ಕೆ ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಹಿಡಿಯುತ್ತದೆ. ಎರಡು ಮೂರನೇ ತಿಂಗಳಲ್ಲಿ ಕಲೆ ಕೆಂಪಗೆ, ಉಬ್ಬಿಕೊಂಡು, ತುರಿಸುತ್ತಾ ಇರುತ್ತದೆ. ನೋಡಲು ಅದು ಅತ್ಯಂತ ಕೆಟ್ಟ ಕಾಲ. ಕನ್ನಡಿ ಮುಂದೆ ನಿಂತು ಕಣ್ಣೀರಿಟ್ಟು, ಇದನ್ನು ಕತ್ತರಿಸಿ ಮತ್ತೆ ಹೊಲಿಯಿರಿ ಎಂದು ಕೇಳುವುದೂ ಆಗಲೇ. ಆಗ ಕತ್ತರಿಸಿದರೆ ಕೆರಳಿದ ಜಾಗದಲ್ಲೇ ಹೊಸ ಗಾಯ, ಮತ್ತೆ ಮೊದಲಿನಿಂದ ಎಣಿಕೆ. ತುರ್ತಿಲ್ಲದಿದ್ದರೆ ಒಂದು ವರ್ಷ ಕಾಯಿರಿ ಎಂದು ವೈದ್ಯರು ಹೇಳುವುದು ಇದಕ್ಕೆ. ಹೊಲಿಗೆ ಬಿಚ್ಚಿ ಇಂಪ್ಲಾಂಟ್ ಕಂಡರೆ, ಕೀವಾದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ.

ಕಾಯುವುದು ಎಂದರೆ ಸುಮ್ಮನಿರುವುದಲ್ಲ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಹಾಳೆಯನ್ನು ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು, ಎರಡು ಮೂರು ತಿಂಗಳು ಅಂಟಿಸಿಡಬೇಕು. ಎಳೆತ ತಪ್ಪಿಸಲು ಪೇಪರ್ ಟೇಪ್, ಬಿಸಿಲು ತಾಗದಂತೆ ಎಚ್ಚರ ಬೇಕು. ತಂತಿಯಿಲ್ಲದ, ಆದರೆ ಹಿಡಿತವಿರುವ ಒಳಉಡುಪು ಬೇಕು. ಬೀಡಿ ಸಿಗರೇಟು ಬಿಡಲೇಬೇಕು, ನಿಕೋಟಿನ್ ಚರ್ಮದ ಅಂಚಿಗೆ ಹೋಗುವ ರಕ್ತವನ್ನು ಕುಗ್ಗಿಸುತ್ತದೆ.

ಉಬ್ಬಿದ ಕಲೆಯಲ್ಲೂ ಎರಡು ಜಾತಿ. ಗಾಯದ ಗೆರೆಯೊಳಗೇ ದಪ್ಪವಾಗಿ ನಿಲ್ಲುವ ಒಂದು ಬಗೆ ಕಾಲಕ್ರಮದಲ್ಲಿ ತಾನೇ ಇಳಿಯುವುದುಂಟು. ಗೆರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುವುದು ಕೀಲಾಯ್ಡ್. ಅದು ತಾನಾಗಿ ಇಳಿಯುವುದಿಲ್ಲ. ಬರೀ ಕತ್ತರಿಸಿ ಹೊಲಿದರೆ ಅರ್ಧಕ್ಕರ್ಧ ಜನರಲ್ಲಿ ಮತ್ತೆ ಬರುತ್ತದೆ, ಮೊದಲಿಗಿಂತ ದೊಡ್ಡದಾಗಿಯೂ ಬರಬಹುದು. ಎದೆಯ ನಡುಮೂಳೆಯ ಮೇಲಿನ ಚರ್ಮಕ್ಕೆ ಈ ಗುಣ ಹೆಚ್ಚು. ಆದ್ದರಿಂದ ಕೊಯ್ತ ಎದೆಯ ಒಳಬದಿಗೆ ಉದ್ದವಾದಷ್ಟೂ ಅಪಾಯ. ಇದಕ್ಕೆ ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಕಲೆಯೊಳಗೆ ಟ್ರಯಾಮ್ಸಿನಲೋನ್ ಎಂಬ ಸ್ಟೆರಾಯ್ಡ್ ಚುಚ್ಚುತ್ತಾರೆ. ಇಲ್ಲಿ ತಡಮಾಡಬಾರದು. ಕೀಲಾಯ್ಡ್ ಕಂಡೊಡನೆ ಚಿಕಿತ್ಸೆ ಶುರುವಾಗಬೇಕು.

ಬಿಳಿಯರ ಚರ್ಮಕ್ಕಿಂತ ನಮ್ಮ ಕಂದು ಚರ್ಮದಲ್ಲಿ ಕೀಲಾಯ್ಡ್ ಹೆಚ್ಚು, ಗಾಯದ ಜಾಗ ಕಪ್ಪಾಗುವುದೂ ಹೆಚ್ಚು. ವಿದೇಶದ ಬಿಳಿ ಚರ್ಮದ ಮೇಲೆ ಲೇಸರ್‌ನಿಂದ ಮಾಸಿದ ಕಲೆಯ ಫೋಟೋ ತೋರಿಸಿ ಇಲ್ಲಿಯವರಿಗೂ ಅದೇ ಫಲ ಸಿಗುತ್ತದೆ ಎನ್ನುವುದು ತಪ್ಪು. ಶಕ್ತಿ ಹೆಚ್ಚಾದ ಲೇಸರ್ ಕಂದು ಚರ್ಮದಲ್ಲಿ ಸುಟ್ಟ ಕಪ್ಪು ಕಲೆಯನ್ನೇ ಉಳಿಸಬಹುದು. ಸಣ್ಣ ಜಾಗದಲ್ಲಿ ಪ್ರಯೋಗ ಮಾಡಿ, ತಿಂಗಳು ಬಿಟ್ಟು ನೋಡಿ ಮುಂದುವರಿಯುವ ವೈದ್ಯರನ್ನು ನಂಬಬಹುದು.

ಟಕ್ಸ್ ಹಿಡಿದ ರವಿಕೆಯ ಹಾಗೆ

ರವಿಕೆಗೆ ಟಕ್ಸ್ ಹಿಡಿಯುವಾಗ ಹೊಲಿಗೆ ತಟ್ಟನೆ ನಿಂತುಬಿಟ್ಟರೆ ತುದಿಯಲ್ಲಿ ಬಟ್ಟೆ ಚೂಪಾಗಿ ಎದ್ದು ನಿಲ್ಲುತ್ತದೆ. ಒಳ್ಳೆಯ ದರ್ಜಿ ಹೊಲಿಗೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದು ಸಣ್ಣಗೆ ಮುಗಿಸುತ್ತಾರೆ. ಚರ್ಮಕ್ಕೂ ಅದೇ ನಿಯಮ. ಹೆಚ್ಚು ಚರ್ಮ ತೆಗೆದು ಹೊಲಿದ ಗೆರೆಯ ಕೊನೆಯಲ್ಲಿ, ಕಂಕುಳ ಕಡೆಗೆ, ಸಣ್ಣ ಗುಬ್ಬಿ ಎದ್ದಿರುತ್ತದೆ. ಸರ್ಜನ್‌ಗಳು ಅದಕ್ಕೆ ನಾಯಿಕಿವಿ ಎನ್ನುತ್ತಾರೆ. ಆರು ತಿಂಗಳಲ್ಲಿ ಕೆಲವು ತಾವೇ ಕೂರುತ್ತವೆ. ಕೂರದಿದ್ದರೆ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯಬಹುದು. ಆದರೆ ಗುಬ್ಬಿ ಹೋದಷ್ಟೂ ಗೆರೆ ಉದ್ದವಾಗುತ್ತದೆ. ಆಕಾರ ಬೇಕೆಂದರೆ ಕಲೆಯಲ್ಲಿ ಬೆಲೆ ತೆರಬೇಕು, ಕಲೆ ಬೇಡವೆಂದರೆ ಆಕಾರದಲ್ಲಿ. ಎದೆಯ ಸರ್ಜರಿಯಲ್ಲಿ ಈ ಚೌಕಾಸಿ ಹೆಜ್ಜೆ ಹೆಜ್ಜೆಗೂ ಇದೆ, ಜಾಹೀರಾತು ಮರೆಮಾಚುವುದೂ ಇದನ್ನೇ.

ಉಳಿದ ಆಕಾರದ ದೋಷಗಳಲ್ಲಿ ಮೊದಲು ಕಾರಣ ಹುಡುಕಬೇಕು. ಅದಕ್ಕಾಗಿ ಸರ್ಜನ್ ರೋಗಿಯನ್ನು ನಿಲ್ಲಿಸಿ ನೋಡುತ್ತಾರೆ, ಪೆನ್ನಿನಿಂದ ಗುರುತು ಹಾಕುವುದೂ ನಿಂತಿರುವಾಗಲೇ. ಮಲಗಿದರೆ ಎಲ್ಲವೂ ಜಾರಿ ಬೇರೆಯೇ ಆಕಾರ ಬರುತ್ತದೆ. ಎರಡೂ ಕೈಯನ್ನು ಸೊಂಟಕ್ಕಿಟ್ಟು ಜೋರಾಗಿ ಒತ್ತಲು ಹೇಳುತ್ತಾರೆ. ಆಗ ತಗ್ಗು ಇನ್ನಷ್ಟು ಆಳವಾದರೆ, ಎದೆ ಪಕ್ಕಕ್ಕೆ ಎಳೆದರೆ ದೋಷ ಸ್ನಾಯುವಿನ ಹಿಡಿತದಲ್ಲಿದೆ. ಇಂಪ್ಲಾಂಟನ್ನು ಸ್ನಾಯುವಿನ ಅಡಿಯಿಂದ ಮೇಲಿನ ಪದರಕ್ಕೆ ತಂದರೆ ಅದು ಹೋಗಬಹುದು. ಅದೇ ಚರ್ಮ ತೀರಾ ತೆಳುವಾಗಿದ್ದರೆ ಮೇಲೆ ತಂದ ಇಂಪ್ಲಾಂಟಿನ ಅಂಚು, ಸುಕ್ಕು ಎದ್ದು ಕಾಣುತ್ತದೆ. ಇಂಪ್ಲಾಂಟ್ ಕೆಳಗೆ ಜಾರಿ ತೊಟ್ಟು ಮೇಲೆ ನೋಡುವಂತಾಗಿದ್ದರೆ ಒಳಗಿನ ಚೀಲವನ್ನು ಹೊಲಿದು ಕಿರಿದುಮಾಡಬೇಕು. ಇಂಪ್ಲಾಂಟ್ ತೆಗೆಸಿದ ಮೇಲೆ ಹಿಗ್ಗಿದ ಚರ್ಮ ಖಾಲಿ ಚೀಲದ ಹಾಗೆ ಜೋತರೆ ಎತ್ತಿ ಹೊಲಿಯಬೇಕು. ತಾರುಣ್ಯ, ಚಿಕ್ಕ ಇಂಪ್ಲಾಂಟ್, ಒಳ್ಳೆಯ ಬಿಗಿ ಇದ್ದವರಲ್ಲಿ ಚರ್ಮ ತಿಂಗಳುಗಳಲ್ಲಿ ತಾನೇ ಸಾಕಷ್ಟು ಕುಗ್ಗುತ್ತದೆ.

ಇದು ಹೆಂಗಸರದ್ದಷ್ಟೇ ವಿಷಯವಲ್ಲ. ಗಂಡಸರ ಎದೆ ಉಬ್ಬಿಗೆ ಮಾಡುವ ಸರ್ಜರಿಯಲ್ಲಿ ತೊಟ್ಟಿನ ಅಡಿಯ ಗ್ರಂಥಿಯನ್ನು ಬುಡಸಮೇತ ತೆಗೆದುಬಿಟ್ಟರೆ ಅಲ್ಲಿ ತಟ್ಟೆಯಂಥ ಹಳ್ಳ ಬೀಳುತ್ತದೆ. ಅಲ್ಲಿ ತುಸು ತಿರುಳು ಬಿಟ್ಟರೆ ಹಳ್ಳ ತಪ್ಪುತ್ತದೆ.

ತಗ್ಗಿಗೆ ಕೊಬ್ಬು: ಬದಲಾದ ನಿಲುವು

ಹೊಟ್ಟೆ, ತೊಡೆಯಿಂದ ಕೊಬ್ಬು ತೆಗೆದು ತಗ್ಗಿಗೆ ತುಂಬುವುದು ಈಗ ಸಾಮಾನ್ಯ. ಆದರೆ 1987ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘವೇ ಸ್ತನಕ್ಕೆ ಕೊಬ್ಬು ತುಂಬಬಾರದು ಎಂದಿತ್ತು. ಸತ್ತ ಕೊಬ್ಬು ಸುಣ್ಣಗಟ್ಟಿದರೆ ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಂನಲ್ಲಿ ಕ್ಯಾನ್ಸರ್ ಹಾಗೆ ಕಂಡು ದಾರಿ ತಪ್ಪಿಸುತ್ತದೆ ಎಂಬ ಆತಂಕ ಅದಕ್ಕೆ ಕಾರಣ. 2009ರಲ್ಲಿ ಸಂಘದ ಕಾರ್ಯಪಡೆ ಆ ನಿಲುವನ್ನು ಸಡಿಲಿಸಿತು. ತಂತ್ರ ಸುಧಾರಿಸಿತ್ತು, ಬಹುತೇಕ ಸಂದರ್ಭಗಳಲ್ಲಿ ರೇಡಿಯಾಲಜಿಸ್ಟ್‌ಗಳು ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲವರಾಗಿದ್ದರು.

ಅಂದಮಾತ್ರಕ್ಕೆ ಹಳೆಯ ಆತಂಕ ಸುಳ್ಳಲ್ಲ. ತುಂಬಿದ ಕೊಬ್ಬಿನಲ್ಲಿ ಸುಮಾರು ಅರ್ಧದಷ್ಟು ನಿಲ್ಲಬಹುದು, ಮಿಕ್ಕಿದ್ದು ಕೆಲವು ತಿಂಗಳಲ್ಲಿ ಕರಗುತ್ತದೆ. ಕರಗುವುದನ್ನು ಲೆಕ್ಕ ಹಾಕಿ ಒಮ್ಮೆಗೇ ತುರುಕಿದರೆ ಮಧ್ಯದ ಕೊಬ್ಬಿಗೆ ರಕ್ತ ಸಿಗದೆ ಸತ್ತು ಗಂಟಾಗುತ್ತದೆ. ಆಮೇಲೆ ಆ ಗಂಟು ಕೈಗೆ ಸಿಕ್ಕಾಗಲೆಲ್ಲ ಎದೆ ಝಲ್ಲೆನ್ನುತ್ತದೆ, ಸ್ಕ್ಯಾನು, ಬಯಾಪ್ಸಿ ಎಂದು ಓಡಬೇಕು. ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಸಲ ತುಂಬಿಸಿಕೊಳ್ಳುವುದೇ ಸುರಕ್ಷಿತ. ವಯಸ್ಸು ನಲವತ್ತರ ಹತ್ತಿರವಿದ್ದರೆ ಮೊದಲೊಂದು ಮ್ಯಾಮೊಗ್ರಾಂ ಮಾಡಿಸಿ ಇಟ್ಟುಕೊಂಡರೆ ಮುಂದೆ ಹೋಲಿಸಲು ಆಧಾರ ಸಿಗುತ್ತದೆ.

ಕೊಬ್ಬು ತೆಗೆಯುವುದೂ ಒಂದು ಸರ್ಜರಿಯೇ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಎಳೆ ವಯಸ್ಸಿನ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದು ಕನ್ನಡ ಓದುಗರಿಗೆ ನೆನಪಿರುತ್ತದೆ. ಕಾಸ್ಮೆಟಿಕ್ ಸರ್ಜನ್ ಎಂಬ ಫಲಕ ನೋಡಿದರೆ ಸಾಲದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯೇ, ಅರಿವಳಿಕೆ ತಜ್ಞರು ಅಲ್ಲೇ ಇರುತ್ತಾರೆಯೇ ಎಂದು ಕೇಳಬೇಕು.

ದುಡ್ಡು ಯಾರು ಕೊಡಬೇಕು?

ಈ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದ್ದದ್ದು ಯುರೋಪಿನಲ್ಲಿ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬಿ ಮಾರುತ್ತಿತ್ತೆಂದು 2010ರಲ್ಲಿ ಬಯಲಾಯಿತು. ಹಲವಾರು ದೇಶಗಳ ಸುಮಾರು 3 ಲಕ್ಷ ಮಹಿಳೆಯರು ಅದನ್ನು ಹಾಕಿಸಿಕೊಂಡಿದ್ದರು. ಸ್ಥಾಪಕ ಜೀನ್ ಕ್ಲೋಡ್ ಮಾಸ್‌ಗೆ 2013ರ ಡಿಸೆಂಬರ್‌ನಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಫ್ರಾನ್ಸ್ ಸರ್ಕಾರ ಮುನ್ನೆಚ್ಚರಿಕೆಯಾಗಿ ತೆಗೆಸಿಕೊಳ್ಳಿ ಎಂದು ಸಲಹೆಯಿತ್ತು ಅದರ ಖರ್ಚು ಕೊಟ್ಟಿತು. ಹೊಸದನ್ನು ಹಾಕಲು ಕೊಟ್ಟದ್ದು ಕ್ಯಾನ್ಸರ್ ನಂತರ ಹಾಕಿಸಿಕೊಂಡಿದ್ದವರಿಗೆ ಮಾತ್ರ. ಖಾಸಗಿ ಕ್ಲಿನಿಕ್ ಕೈಬಿಟ್ಟವರಿಗೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ತೆಗೆದುಕೊಟ್ಟಿತು, ಬದಲಿ ಹಾಕಲಿಲ್ಲ. ಪಕ್ಕದ ವೇಲ್ಸ್ ಬದಲಿಯನ್ನೂ ಹಾಕಿಕೊಡಲು ಒಪ್ಪಿತು. ತಪ್ಪು ಕಂಪನಿಯದು, ಹಿಗ್ಗಿದ ಚರ್ಮ ಹೊತ್ತವರು ಮಹಿಳೆಯರು. ಒಂದೇ ಅರಿವಳಿಕೆಯಲ್ಲಿ ಎರಡೂ ಮುಗಿಸುವ ವೇಲ್ಸ್ ದಾರಿಯಲ್ಲೇ ಹೆಚ್ಚು ನ್ಯಾಯವಿತ್ತು.

ನಮ್ಮಲ್ಲಿ ಎರಡು ಪಟ್ಟಿಗಳಿವೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದ್ದರೂ ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ಇಲ್ಲ. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ, ಪೆಟ್ಟು ಅಥವಾ ಗಾಯದಿಂದ ಹಾಳಾದ ಅಂಗವನ್ನು ಸರಿಪಡಿಸುವುದಾದರೆ ಮಾತ್ರ ಉಂಟು. ವಿಮಾ ಪ್ರಾಧಿಕಾರದ ಸಿದ್ಧ ಷರತ್ತು ಬೇರೆಯೇ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆ, ಇಲ್ಲವೇ ನೇರವಾದ, ತಕ್ಷಣದ ಆರೋಗ್ಯ ಅಪಾಯ ನಿವಾರಿಸಲು ಬೇಕೇಬೇಕು ಎಂದು ವೈದ್ಯರು ಬರೆದುಕೊಟ್ಟರೆ ಮಾತ್ರ ಹಣ. ಒಂದರಲ್ಲಿ ಹುಟ್ಟಿನ ದೋಷದ ಹೆಸರಿದೆ, ಕ್ಯಾನ್ಸರ್ ಹೆಸರಿಲ್ಲ. ಇನ್ನೊಂದರಲ್ಲಿ ಕ್ಯಾನ್ಸರ್ ಇದೆ, ಹುಟ್ಟಿನ ದೋಷ ಇಲ್ಲ.

ಸೌಂದರ್ಯಕ್ಕೆಂದು ಮಾಡಿಸಿದ ಸರ್ಜರಿಯ ಕಲೆ, ತಗ್ಗು ಎರಡೂ ಪಟ್ಟಿಯ ಹೊರಗೆ ಬೀಳುತ್ತವೆ. ಇಂಪ್ಲಾಂಟ್ ಸುತ್ತ ಕೀವಾಗಿದ್ದರೆ, ಅನುಮಾನದ ನೀರು ತುಂಬಿದ್ದರೆ ಆರೋಗ್ಯ ಅಪಾಯದ ಬಾಗಿಲು ತಟ್ಟಬಹುದು. ಅಲ್ಲೂ ಡಿಸ್ಚಾರ್ಜ್ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೀಗಾಗಿ ಮೊದಲ ಸರ್ಜರಿಯ ದರ ಕೇಳುವಾಗಲೇ ಸರಿಪಡಿಸುವ ಸರ್ಜರಿಯ ದರವನ್ನೂ, ಅದರಲ್ಲಿ ಸರ್ಜನ್ ಶುಲ್ಕ, ಆಪರೇಷನ್ ಥಿಯೇಟರ್, ಹೊಸ ಇಂಪ್ಲಾಂಟ್ ಯಾರ ಪಾಲಿಗೆ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಬೇಕು.

ಗಾಯದ ಗಡಿಯಾರ, ಕಾನೂನಿನ ಗಡಿಯಾರ

ಕಲೆ ಉಳಿಯಿತೆಂದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎನ್ನಲಾಗದು. ಫಲ ಕೆಟ್ಟಿತೆಂಬುದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ, ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯ ಎಲ್ಲ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದೂ ಹೇಳಿದೆ. ಕಲೆಯೇ ಉಳಿಯುವುದಿಲ್ಲ ಎಂದು ನಂಬಿಸಿ ಸಹಿ ಹಾಕಿಸಿಕೊಂಡಿದ್ದರೆ ಪ್ರಶ್ನೆ ಕಲೆಯದ್ದಲ್ಲ, ಒಪ್ಪಿಗೆಯದ್ದು.

ಇಲ್ಲೊಂದು ಇಕ್ಕಟ್ಟಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಕಲೆ ಹಣ್ಣಾಗಲು ವರ್ಷ, ಒಂದೂವರೆ ವರ್ಷ ಕಾಯಿರಿ ಎಂಬ ಸಲಹೆ ವೈದ್ಯಕೀಯವಾಗಿ ಸರಿ. ಅದೇ ಸಲಹೆ ಪಾಲಿಸುತ್ತಾ ಕೂತವರ ಕೈಯಲ್ಲಿ ದೂರಿಗೆ ಉಳಿಯುವುದು ಕೆಲವೇ ತಿಂಗಳು. ದಾಖಲೆಯದ್ದೂ ಇಂಥದೇ ಕಥೆ. 2002ರ ವೈದ್ಯಕೀಯ ವೃತ್ತಿ ನಡತೆ ನಿಯಮದಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು, ಇಂಪ್ಲಾಂಟ್ ತೊಂದರೆ ಕೊಡುವುದು ಎಂಟನೇ ವರ್ಷಕ್ಕಿರಬಹುದು. ಕೇಳಿದ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕೆಂದು ಅದೇ ನಿಯಮ ಹೇಳುತ್ತದೆ. ಆ ಪ್ರತಿಯನ್ನು ಮನೆಗೆ ಬಂದ ವಾರದಲ್ಲೇ ಪಡೆಯಬೇಕು. ಕಂಪನಿ, ಮಾದರಿ, ಸೀರಿಯಲ್ ಸಂಖ್ಯೆ ಇರುವ ಇಂಪ್ಲಾಂಟ್ ಕಾರ್ಡ್, ಒಪ್ಪಿಗೆ ಪತ್ರ, ಆಪರೇಷನ್ ಟಿಪ್ಪಣಿ, ಅವುಗಳ ಜೊತೆ ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ತಾವೇ ತೆಗೆದಿಟ್ಟುಕೊಂಡ ಫೋಟೋ. ಹೊಸ ಸರ್ಜನ್ ಎರಡನೇ ಬಾರಿ ಕೊಯ್ಯುವ ಮುನ್ನ ಮೊದಲು ಕೇಳುವುದೂ ಇವನ್ನೇ: ಒಳಗೆ ಯಾವ ಇಂಪ್ಲಾಂಟ್ ಇದೆ, ಸ್ನಾಯುವಿನ ಮೇಲೋ ಕೆಳಗೋ, ಕಲೆ ಇನ್ನೂ ಬದಲಾಗುತ್ತಿದೆಯೋ ನಿಂತಿದೆಯೋ.